ಕಿಲೋಮೀಟರಿಗೆ ಒಂದು ದರ ಕೊಡಿ, ಲೆಕ್ಕ ನಾವೇ ಬರೆಯುತ್ತೇವೆ

ಊರಿನವರು ಕೆಲಸಕ್ಕೆ ಓಡಿಸುವ ಕಾರಿನ ಲೆಕ್ಕವನ್ನು ತೆರಿಗೆಗೆಂದು ಬರೆದಿಡುವುದಿಲ್ಲ ಎಂದು ಇಲ್ಲಿ ನ್ಯೂಜೆರ್ಸಿಯ ಕನ್ನಡ ಗೆಳೆಯರು ನಗುತ್ತಾರೆ. ನನಗೆ ಆ ಮಾತು ಒಪ್ಪಿಗೆಯಿಲ್ಲ. ನಾನು ಉಡುಪಿಯವನು. ನಮ್ಮ ಹಳೇ ದಕ್ಷಿಣ ಕನ್ನಡ ಜಿಲ್ಲೆ ಕೆನರಾ, ಕಾರ್ಪೊರೇಶನ್, ಕರ್ಣಾಟಕ, ಸಿಂಡಿಕೇಟ್, ವಿಜಯ ಎಂದು ಐದು ಬ್ಯಾಂಕುಗಳನ್ನು ಹೆತ್ತದ್ದು. ಅಲ್ಲಿನ ಜನಕ್ಕೆ ಲೆಕ್ಕ ಬರೆಯಲು ಬರುವುದಿಲ್ಲ ಅಂದರೆ ಯಾರು ನಂಬುತ್ತಾರೆ? ಬರೆದರೆ ಏನೂ ಸಿಗುವುದಿಲ್ಲ. ಅದಕ್ಕೇ ಬರೆಯುವುದಿಲ್ಲ.

ನಾನು ಇಲ್ಲಿ ಮನೆ ಮಾರಾಟದ ಏಜೆಂಟ್. ಕಾರು ನನ್ನದೇ, ದುಡಿಮೆಯೂ ಸ್ವಂತದ್ದೇ. ಗಿರಾಕಿಗೆ ಮನೆ ತೋರಿಸಲು ಓಡಾಡಿದ ಪ್ರತಿ ಮೈಲಿಗೂ ಅಮೆರಿಕದ ತೆರಿಗೆ ಇಲಾಖೆ ಒಂದು ದರ ಕಟ್ಟಿದೆ. 2024ಕ್ಕೆ 67 ಸೆಂಟ್ ಇತ್ತು, 2025ಕ್ಕೆ 70 ಸೆಂಟ್. ಅಷ್ಟನ್ನು ಆದಾಯದಲ್ಲಿ ಕಳೆದು, ಉಳಿದದ್ದಕ್ಕೆ ತೆರಿಗೆ ಕಟ್ಟಬೇಕು. ಪೆಟ್ರೋಲ್, ಟೈರು, ರಿಪೇರಿ, ಇನ್ಶೂರೆನ್ಸ್, ಸವಕಳಿ (ಕಾರು ಹಳತಾದಂತೆ ಇಳಿಯುವ ಬೆಲೆ) ಎಲ್ಲ ಆ ದರದೊಳಗೇ ಬಂತು. ಕೆಲಸದ ಮೇಲೆ ಹೋದಾಗಿನ ಪಾರ್ಕಿಂಗ್, ಟೋಲ್ ಬೇರೆ ಹಾಕಬಹುದು. ಈ ದರ ಬೇಡ ಅಂದರೆ ಬಿಲ್ಲುಗಳನ್ನು ಜೋಡಿಸಿಟ್ಟು ನಿಜವಾದ ಖರ್ಚನ್ನೇ ತೋರಿಸಬಹುದು. ಆದರೆ ಸ್ವಂತ ಕಾರಿಗೆ ಮೈಲಿ ದರ ಬೇಕಿದ್ದರೆ, ಅದನ್ನು ಕೆಲಸಕ್ಕೆ ಬಳಸಿದ ಮೊದಲ ವರ್ಷವೇ ಆರಿಸಿಕೊಳ್ಳಬೇಕು.

ಬದಲಿಗೆ ತೆರಿಗೆಯವರು ಕೇಳುವುದು ಡೈರಿ. ಯಾವ ದಿನ, ಎಲ್ಲಿಗೆ, ಯಾಕೆ, ಎಷ್ಟು ಮೈಲಿ. ರಿಟರ್ನ್ ಫಾರ್ಮಿನಲ್ಲಿ ನೇರ ಪ್ರಶ್ನೆಯೇ ಇದೆ: ಪುರಾವೆ ಇದೆಯಾ? ಇದ್ದರೆ ಅದು ಬರವಣಿಗೆಯಲ್ಲಿದೆಯಾ? ಮನೆಯಿಂದ ಆಫೀಸಿಗೆ ಹೋಗಿ ಬರುವ ದಾರಿ ಲೆಕ್ಕಕ್ಕಿಲ್ಲ. ಸಂಬಳದವರಲ್ಲಿ ಬಹುತೇಕರಿಗಂತೂ 2018ರಿಂದ ಈ ಕಡಿತವೇ ಇಲ್ಲ. ಡೈರಿ ಬರೆಯುವುದು ದೊಡ್ಡ ಕಿರಿಕಿರಿ, ಸುಳ್ಳು ಹೇಳುವುದಿಲ್ಲ. ಆದರೂ ಬರೆದ ಪ್ರತಿ ಸಾಲಿಗೂ ಬೆಲೆ ಇದೆ.

ಮಂಗಳೂರಿನಲ್ಲಿ ನನ್ನ ಭಾವ ಸಿವಿಲ್ ಇಂಜಿನಿಯರ್. ಕಾರ್ಕಳ, ಮೂಡುಬಿದಿರೆ, ಕುಂದಾಪುರ ಅಂತ ಸೈಟುಗಳ ಸುತ್ತಾಟ. ಅದೇ ಕಾರಿನಲ್ಲಿ ಆದಿತ್ಯವಾರ ಕಟೀಲು ದೇವಸ್ಥಾನಕ್ಕೆ, ಮದುವೆ ಮನೆಗೆ. ವರ್ಷದ ಕೊನೆಗೆ ಅವರ ಸಿಎ ಪೆಟ್ರೋಲ್, ಇನ್ಶೂರೆನ್ಸ್, ಲೋನ್ ಬಡ್ಡಿ, ಸವಕಳಿ ಎಲ್ಲ ಕೂಡಿಸಿ, ಐದರಲ್ಲೊಂದು ಪಾಲು ಸ್ವಂತ ಬಳಕೆ ಎಂದು ತೆಗೆದು, ಉಳಿದದ್ದನ್ನು ಆದಾಯದಲ್ಲಿ ಕಳೆಯುತ್ತಾರೆ. ಯಾಕೆ ಐದರಲ್ಲೊಂದು? ಕಾನೂನಿನಲ್ಲಿ ಆ ಅಂಕಿಯೇ ಇಲ್ಲ. 1961ರ ಆದಾಯ ತೆರಿಗೆ ಕಾಯ್ದೆಯ 38(2)ನೇ ಕಲಂ ಹೇಳಿದ್ದು ಇಷ್ಟೇ: ಪೂರ್ತಿ ವ್ಯವಹಾರಕ್ಕೇ ಬಳಸದ ಕಾರಾದರೆ, ನ್ಯಾಯವಾದ ಪಾಲು ಎಷ್ಟೆಂದು ಅಧಿಕಾರಿ ತೀರ್ಮಾನಿಸಬಹುದು. ಹೀಗಾಗಿ ತಂಟೆ ಬೇಡ ಎಂದು ಎಲ್ಲರೂ ಒಂದು ಅಂದಾಜಿಗೆ ಬಂದಿದ್ದಾರೆ. ಬಂದರಿನಲ್ಲಿ ತೂಗದೆ ರಾಶಿ ಲೆಕ್ಕದಲ್ಲಿ ಮೀನು ಮಾರಿದ ಹಾಗೆ.

ನೀವೊಂದು ಡೈರಿ ಇಡಿ ಭಾವ ಅಂದೆ. "ಬರೆದು ಎಂತ ಮಾಡುವುದು ಮಾರಾಯ? ಹೇಗೂ ಐದರಲ್ಲೊಂದು ಹೋಗ್ತದೆ" ಅಂದರು.

ಅವರ ಮಾತು ಸರಿಯೇ. ಕಾರಿನ ಖರ್ಚು ವರ್ಷಕ್ಕೆ 3 ಲಕ್ಷ ಎಂದಿಟ್ಟುಕೊಳ್ಳಿ. ಐದರಲ್ಲೊಂದು ಅಂದರೆ 60,000. ಸ್ವಂತ ಬಳಕೆ ನಿಜವಾಗಿ ಹತ್ತರಲ್ಲೊಂದೇ ಆಗಿದ್ದರೆ 30,000 ರೂಪಾಯಿಯ ಖರ್ಚನ್ನು ಸುಮ್ನೆ ಬಿಟ್ಟುಕೊಟ್ಟಂತಾಯಿತು. ಶೇಕಡಾ 30ರ ತೆರಿಗೆಯಲ್ಲಿ ಅದು 9,000 ರೂಪಾಯಿ. ಅಷ್ಟಕ್ಕೆ ಯಾರು ಅಪೀಲು ಹಾಕುತ್ತಾರೆ? ಸಿಎ ಫೀಸಿಗೂ ಸಾಲದು. ಅತ್ತ ಅರ್ಧಕ್ಕರ್ಧ ಸ್ವಂತಕ್ಕೇ ಓಡಿಸುವವನೂ ಅದೇ ಐದರಲ್ಲೊಂದರಲ್ಲಿ ಪಾರು. ಪ್ರಾಮಾಣಿಕನಿಗೆ ನಷ್ಟ, ಇನ್ನೊಬ್ಬನಿಗೆ ಲಾಭ.

ಒಂದು ಕಡೆ ಮಾತ್ರ ನಮ್ಮವರು ಜಾಣರು. ಡಾಕ್ಟರು, ವಕೀಲರು, ಇಂಜಿನಿಯರುಗಳ ವರ್ಷದ ಒಟ್ಟು ಗಳಿಕೆ 50 ಲಕ್ಷದೊಳಗಿದ್ದರೆ, ನಗದು ಶೇಕಡಾ 5 ಮೀರದಿದ್ದರೆ 75 ಲಕ್ಷದವರೆಗೆ, ಹಳೇ ಕಾಯ್ದೆಯಲ್ಲಿ 44ಎಡಿಎ ಎನ್ನುತ್ತಿದ್ದ ನಿಯಮದಂತೆ ಅರ್ಧವನ್ನು ಆದಾಯ ಎಂದು ತೋರಿಸಿ ಮುಗಿಸಬಹುದು. ಬಿಲ್ಲು ಬೇಡ, ಡೈರಿ ಬೇಡ. ಕಾರಿನ ಖರ್ಚು ಬೇರೆ ಕೇಳುವ ಹಾಗೂ ಇಲ್ಲ. ಅಮೆರಿಕದಲ್ಲಿ ಸಣ್ಣವರಿಗೆ ಇಂಥ ಸುಖ ಇಲ್ಲ. ಭಾವನ ಗಳಿಕೆ ಆ ಮಿತಿ ದಾಟಿದೆ, ಅದೇ ತಾಪತ್ರಯ.

ಭಾರತದಲ್ಲೂ ಹೀಗೆ ಕಿಲೋಮೀಟರಿಗೆ ದರ ಕೊಡಿ ಅಂದರೆ, ಜನ ಕಿಲೋಮೀಟರ್ ಉಬ್ಬಿಸುತ್ತಾರೆ ಅನ್ನುವವರಿದ್ದಾರೆ. ಉಬ್ಬಿಸುವವರು ಇಲ್ಲೂ ಇದ್ದಾರೆ ಬಿಡಿ. ಆದರೆ ಸರ್ವಿಸ್ ಬಿಲ್ಲಿನ ಮೇಲೆ ಕಾರು ಎಷ್ಟು ಓಡಿದೆ ಎಂದು ಬರೆದಿರುತ್ತದೆ. ಹೆಜಮಾಡಿ, ಸಾಸ್ತಾನ, ತಲಪಾಡಿ ಟೋಲ್ ದಾಟಿದ್ದು ಫಾಸ್ಟ್‌ಟ್ಯಾಗ್‌ನಲ್ಲಿ ಗಂಟೆ ಸಮೇತ ಇದೆ. ಕುಂದಾಪುರದ ಸೈಟಿಗೆ ಹೋದೆ ಅಂದರೆ ಹೋದದ್ದು ಹೌದಾ ಅಲ್ಲವಾ ಎಂದು ನೋಡಲು ಎಷ್ಟು ಹೊತ್ತು ಬೇಕು? 2025ರ ಹೊಸ ಆದಾಯ ತೆರಿಗೆ ಕಾಯ್ದೆ ಹಳೇ ಕಾಯ್ದೆಯ ಭಾಷೆಯನ್ನು ಸುಲಭ ಮಾಡಿತು. ಕಿಲೋಮೀಟರಿಗೆ ಇಷ್ಟು ಎಂಬ ಒಂದು ಸಾಲನ್ನು ಮಾತ್ರ ಅದೂ ಸೇರಿಸಲಿಲ್ಲ.