ತಪ್ಪೆಲ್ಲಾ ಕಾಲಿನದೇ

"ಕಾಲು ಜಾರಿ ಬಿದ್ದು ಕಾರ್ಮಿಕ ಸಾವು."

ಮೊನ್ನೆಯ ಸುದ್ದಿ ನೀವೂ ಓದಿದ್ದೀರಿ. ಓದಿಲ್ಲದಿದ್ದರೂ ಪರವಾಗಿಲ್ಲ, ಹೋದ ಮಳೆಗಾಲದಲ್ಲಿ ಓದಿದ್ದೀರಿ. ಅದರ ಹಿಂದಿನ ವರ್ಷವೂ ಓದಿದ್ದೀರಿ. ಊರು ಬದಲಾಗುತ್ತದೆ, ಮಹಡಿ ಬದಲಾಗುತ್ತದೆ, ಕಾಲು ಮಾತ್ರ ಅದೇ. ಒಳಪುಟದಲ್ಲಿ, ಕಾಫಿ ದರದ ಕೆಳಗೆ, ಎಲ್ಲೆಲ್ಲಿ ಎಷ್ಟು ಇಂಚು ಮಳೆ ಬಂತು ಅನ್ನೋದರ ಪಕ್ಕದಲ್ಲಿ, ನಾಲ್ಕು ಸಾಲು.

ಆ ನಾಲ್ಕು ಸಾಲು ಬರೆಯುವ ಜಾಣತನ ನನಗೆ ಬಹಳ ಇಷ್ಟ. ಅದರಲ್ಲಿ ಕಟ್ಟಡಕ್ಕೆ ಮಾಲೀಕ ಇರುವುದಿಲ್ಲ, ಅದು ಬರೀ "ಖಾಸಗಿ ಕಟ್ಟಡ". ಕಂಟ್ರಾಕ್ಟರ್ ಇರುವುದಿಲ್ಲ. ಎಂಜಿನಿಯರ್ ಅಂತೂ ಹುಟ್ಟೇ ಇರುವುದಿಲ್ಲ. ಇಡೀ ವಾಕ್ಯದಲ್ಲಿ ಏನಾದರೂ ಮಾಡಿದವರು ಯಾರು ಅಂತ ಹುಡುಕಿದರೆ ಸಿಗುವುದು ಒಂದು ಕಾಲು. ಅದು ಜಾರಿತು. ಕೆಲವು ಸಲ ಕಾಲೂ ಬಚಾವಾಗಿ, ತಪ್ಪು "ಆಯ"ದ ತಲೆಗೆ ಬರುತ್ತದೆ. ಆಯ ತಪ್ಪಿ ಬಿದ್ದ ಅಂತೆ. ಶಾಲೆಯಲ್ಲಿ ನಮಗೆ ಕರ್ತೃ, ಕರ್ಮ, ಕ್ರಿಯಾಪದ ಹೇಳಿಕೊಟ್ಟ ಮೇಷ್ಟ್ರು ಇದ್ದಿದ್ದರೆ ಬೋರ್ಡಿನ ಮೇಲೆ ಬರೆದು ತೋರಿಸುತ್ತಿದ್ದರು. ಕರ್ತೃ ಕಾಲಿನದು. ಕರ್ಮ ಸತ್ತವನದು.

ಆ "ಖಾಸಗಿ ಕಟ್ಟಡ" ಇರುವುದು ನಮ್ಮ ಬೀದಿಯ ಕೊನೆಗೆ. ಹೋಂಸ್ಟೇ. ಹೆಸರಿಗೆ ಮನೆಯವರ ಜೊತೆ ಉಳಿಯುವ ಜಾಗ. 14 ರೂಮು, ಮನೆಯವರು ಮೈಸೂರಿನಲ್ಲಿದ್ದಾರೆ.

ಮಡಿಕೇರಿ ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ, ಇಲ್ಲಿ ಕಟ್ಟಡಗಳಿಗೆ ಎರಡು ಎತ್ತರ. ರಸ್ತೆಯಿಂದ ನೋಡಿದರೆ ಒಂದು ಮಹಡಿ. ಹಿಂದೆ ಹೋಗಿ ನೋಡಿದರೆ ನಾಲ್ಕು. ಮುಂಬಾಗಿಲಿನಿಂದ ಆರಾಮಾಗಿ ನಡೆದು ಒಳಗೆ ಹೋದವನು ಹಿಂದಿನ ಕಿಟಕಿಯಲ್ಲಿ ಇಣುಕಿದರೆ ಕೆಳಗೆ ಯಾರದೋ ಕಾಫಿ ತೋಟ, ಸಿಲ್ವರ್ ಓಕ್ ಮರದ ತುದಿ ಕಣ್ಣಿನ ಮಟ್ಟಕ್ಕೆ. ಕಂಟ್ರಾಕ್ಟರ್ ಎತ್ತರವನ್ನು ಯಾವಾಗಲೂ ಮುಂದಿನಿಂದ ಅಳೆಯುತ್ತಾನೆ. ಬೀಳುವವನು ಹಿಂದಿನಿಂದ ಅಳೆಯುತ್ತಾನೆ.

ಹೋದ ತಿಂಗಳೇ ನಾನು ಆ ಕಟ್ಟಡದ ಕಂಟ್ರಾಕ್ಟರನ್ನು ಕೇಳಿದ್ದೆ. "ಏನ್ರೀ, ಹಿಂದುಗಡೆ ಅಂಚಿಗೆ ಒಂದು ರೇಲಿಂಗ್ ಕಟ್ಟಿಸಬಾರದಾ?"

"ಗ್ರೌಂಡ್ ಫ್ಲೋರ್ ಕೆಲಸ ಅಲ್ವಾ ಸಾರ್, ಅದಕ್ಕೆಂಥ ರೇಲಿಂಗ್?"

ಲೆಕ್ಕ ಹಾಕಿ ನೋಡಿದೆ. ಆ ಗ್ರೌಂಡ್ ಫ್ಲೋರಿನಿಂದ ಹಿಂದಿನ ತೋಟಕ್ಕೆ 10 ಮೀಟರ್ ಅಂತ ಇಟ್ಟುಕೊಳ್ಳಿ. ಕೆಳಗೆ ಮುಟ್ಟೋಕೆ ಒಂದೂವರೆ ಸೆಕೆಂಡೂ ಬೇಡ. ಮುಟ್ಟುವಾಗ ವೇಗ ಗಂಟೆಗೆ 50 ಕಿಲೋಮೀಟರ್. ಸಂಪಾಜೆ ಘಾಟಿಯಲ್ಲಿ ಬಸ್ಸಿಗೂ ಸಿಗದ ವೇಗ.

"ನಮ್ಮ ಹುಡುಗರಿಗೆ ಎತ್ತರ ಅಭ್ಯಾಸ ಸಾರ್. ನಿಮ್ಮ ತೋಟದಲ್ಲಿ ಮೆಣಸು ಕೊಯ್ಯೋರು ಏಣಿ ಹತ್ತಲ್ವಾ?" ಅಂದ. ಹತ್ತುತ್ತಾರೆ. ಆದರೆ ಮೆಣಸು ಕೊಯ್ಯುವವನು ಮೊದಲು ಏಣಿಯನ್ನು ಮರಕ್ಕೆ ಹಗ್ಗದಲ್ಲಿ ಬಿಗಿಯುತ್ತಾನೆ ಮಾರಾಯ. ಅವನಿಗೆ ಯಾವ ಎಂಜಿನಿಯರೂ ಹೇಳಿಕೊಟ್ಟಿಲ್ಲ.

ಬೇಕಾಗಿರುವುದಾದರೂ ಏನು? ಸ್ಲ್ಯಾಬಿನ ಅಂಚಿಗೆ ಕಚ್ಚಿ ನಿಲ್ಲುವ ಕಬ್ಬಿಣದ ಕಂಬಗಳು. ಸೊಂಟದ ಮಟ್ಟಕ್ಕೆ ಒಂದು ಅಡ್ಡಪೈಪು, ಮೊಣಕಾಲಿನ ಮಟ್ಟಕ್ಕೆ ಇನ್ನೊಂದು, ನೆಲಕ್ಕೆ ತಾಗಿ ಒಂದು ಹಲಗೆ. ಸುತ್ತಿಗೆಯೋ ಇಟ್ಟಿಗೆ ಚೂರೋ ಉರುಳಿ ಕೆಳಗಿದ್ದವನ ತಲೆಗೆ ಬೀಳದಿರಲಿ ಅಂತ ಹಲಗೆ. ಕೆಲಸ ಮುಗಿದರೆ ಬಿಚ್ಚಿ, ಪಿಕಪ್‌ಗೆ ಹಾಕಿ, ಮುಂದಿನ ಸೈಟಿಗೆ ಒಯ್ಯಬಹುದು. ಬ್ರಿಟನ್ನಿನವರು ಮೇಲಿನ ಪೈಪು ಕಡಿಮೆ ಅಂದರೂ 950 ಮಿಲಿಮೀಟರ್ ಎತ್ತರ ಇರಬೇಕು, ನಡುವಿನ ಸಂದಿ 470 ಮಿಲಿಮೀಟರ್ ದಾಟಬಾರದು ಅಂತ ಬರೆದಿಟ್ಟಿದ್ದಾರೆ. ಅಮೆರಿಕದವರು 42 ಇಂಚು ಅಂತಾರೆ. ಮೇಲಿನ ಪೈಪನ್ನು 200 ಪೌಂಡ್, ಅಂದರೆ ಸುಮಾರು 90 ಕೆಜಿ ಭಾರದಲ್ಲಿ ಒತ್ತಿದರೂ ತಡೆಯಬೇಕಂತೆ.

ನಮ್ಮ ಬೀದಿ ಸೈಟಿನಲ್ಲಿ ಆ ಜಾಗದಲ್ಲಿ ಇದ್ದದ್ದು ಕೆಂಪು ಬಿಳಿ ಪ್ಲಾಸ್ಟಿಕ್ ಟೇಪು. ಅದು ಎಷ್ಟು ಭಾರ ತಡೆಯುತ್ತದೆ ಅಂತ ನಾನು ಅಳೆದಿಲ್ಲ. ಒಂದು ದಿನ ಅದರ ಮೇಲೆ ಕಾಗೆ ಕೂತಿತು. ಟೇಪು ಜೋತುಬಿತ್ತು, ಕಾಗೆ ಹಾರಿಹೋಯಿತು. ಕಾಗೆಗೆ ಆ ಅನುಕೂಲ ಇದೆ.

ಬೆಲ್ಟೂ ಇತ್ತು, ಇಲ್ಲ ಅಂದರೆ ಪಾಪ ಬರುತ್ತದೆ. ಒಂದು. ಹಾಕಿಕೊಂಡ ಹುಡುಗ ಅದರ ಕೊಕ್ಕೆಯನ್ನು ತನ್ನದೇ ಸೊಂಟದ ಬಳೆಗೆ ಸಿಕ್ಕಿಸಿಕೊಂಡಿದ್ದ. ಬೇರೆಲ್ಲಿ ಸಿಕ್ಕಿಸೋದು? ಸಿಕ್ಕಿಸೋಕೆ ಗಟ್ಟಿ ಜಾಗವೇ ಇರಲಿಲ್ಲ. ಬಿದ್ದರೆ ಬೆಲ್ಟಿನ ಸಮೇತ ಬೀಳುವ ವ್ಯವಸ್ಥೆ.

ಹಾಗಂತ ಆ ಕಟ್ಟಡದಲ್ಲಿ ಯಾರಿಗೂ ಭದ್ರತೆ ಇರಲಿಲ್ಲ ಅನ್ನಬೇಡಿ. ಒಬ್ಬನಿಗೆ ಇತ್ತು. ದೃಷ್ಟಿ ಗೊಂಬೆಗೆ. ಅಂಚಿನಲ್ಲೇ ನಿಂತಿದ್ದ. ಹರಿದ ಪ್ಯಾಂಟು, ಮಡಕೆ ತಲೆ, ಚಾಚಿದ ಕೆಂಪು ನಾಲಗೆ. ಸೊಂಟಕ್ಕೆ ಒಂದು, ಎದೆಗೆ ಒಂದು, ಎರಡು ಕಡೆ ಬೈಂಡಿಂಗ್ ವೈರಿನಲ್ಲಿ ಕಂಬಿಗೆ ಬಿಗಿದಿದ್ದರು. ಜುಲೈ ಗಾಳಿಗೆ ಪಕ್ಕದ ಮನೆಯ ಶೀಟು ಹಾರಿ ರಸ್ತೆಗೆ ಬಂತು. ಗೊಂಬೆ ಅಲುಗಲಿಲ್ಲ. ಮೇಸ್ತ್ರಿ ತನ್ನ ಪೂರ್ತಿ ವಿದ್ಯೆಯನ್ನು ಗೊಂಬೆಗೆ ಖರ್ಚು ಮಾಡಿದ್ದ.

ಕಂಟ್ರಾಕ್ಟರ್ ಇನ್ನೊಂದು ಮಾತು ಹೇಳಿದ. "ತಾತ್ಕಾಲಿಕಕ್ಕೆ ಯಾಕೆ ಸಾರ್ ಸುಮ್ನೆ ದುಡ್ಡು ಹಾಕೋದು? ಕೊನೆಗೆ ಗಾಜಿನ ರೇಲಿಂಗ್ ಬರುತ್ತಲ್ಲ."

ಕೊಡಗಿನಲ್ಲಿ ನಿಂತು ತಾತ್ಕಾಲಿಕವನ್ನು ಹೀಗೆ ಹಗುರ ಮಾಡೋಕೆ ಧೈರ್ಯ ಬೇಕು. ನಮ್ಮಲ್ಲಿ ತಾತ್ಕಾಲಿಕದಷ್ಟು ಬಾಳಿಕೆ ಬರುವ ವಸ್ತು ಇನ್ನೊಂದಿಲ್ಲ. 2018ರ ಆಗಸ್ಟಿನಲ್ಲಿ ಗುಡ್ಡಗಳು ಜರಿದಾಗ ರಸ್ತೆ ಬದಿಗೆ ಪೇರಿಸಿದ ಮರಳು ಚೀಲ ನೆನಪಿದೆಯಲ್ಲ? ತಾತ್ಕಾಲಿಕ. ಚೀಲ ಹರಿಯಿತು, ಅದರ ಮೇಲೆ ಹುಲ್ಲು ಬಂತು, ಮುಂದಿನ ಮಳೆಗೆ ಹುಲ್ಲನ್ನು ನಂಬಿಕೊಂಡು ನಾವೆಲ್ಲ ಮಂಗಳೂರಿಗೆ ಹೋಗಿ ಬಂದೆವು. ಇಳಿಜಾರಿಗೆ ಹೊದಿಸಿದ ನೀಲಿ ಟಾರ್ಪಾಲೂ ತಾತ್ಕಾಲಿಕವೇ. ಬೆಟ್ಟದ ಬಣ್ಣ ಯಾವುದು ಅಂತ ಕೇಳಿದರೆ ನಮ್ಮ ಪಕ್ಕದ ಮನೆ ಮಗು ನೀಲಿ ಅನ್ನುತ್ತದೆ. ನಮ್ಮ ಬಚ್ಚಲು ಮನೆಯ ಮೇಲಿನ ಶೀಟು ಅಪ್ಪ ಹಾಕಿಸಿದ್ದು. "ಈ ಒಂದು ಮಳೆಗಾಲ ಕಳೀಲಿ, ಆಮೇಲೆ ಹೆಂಚು ಹಾಕಿಸೋಣ" ಅಂದಿದ್ದರು. ಅಪ್ಪ ಹೋಗಿ ವರ್ಷಗಳಾದವು. ಶೀಟು ಇದೆ. ಅದಕ್ಕೆ ಇಟ್ಟ ಕಲ್ಲುಗಳೂ ಇವೆ, ಗಾಳಿಗೆ ಹಾರದಿರಲಿ ಅಂತ ತಾತ್ಕಾಲಿಕವಾಗಿ ಇಟ್ಟವು.

ಇಂಥ ಊರಿನಲ್ಲಿ ತಾತ್ಕಾಲಿಕ ರೇಲಿಂಗ್ ಒಂದು ಸಲ ಹಾಕಿ ನೋಡಿ ಸ್ವಾಮಿ. ಕಟ್ಟಡ ಬಿದ್ದರೂ ಅದು ಬೀಳುವುದಿಲ್ಲ.

ಆ ಗಾಜಿನ ರೇಲಿಂಗ್ ಯಾರಿಗೆ ಅಂತ ಗೊತ್ತೇ ಇದೆ. ಮಂಜು ನೋಡುತ್ತಾ ಕಾಫಿ ಕುಡಿಯುವವರಿಗೆ. ಹಿಂದಿನ ಇಳಿಜಾರಿಗೆ ಜಿಪ್‌ಲೈನೂ ಬರುತ್ತದಂತೆ. ಜಿಪ್‌ಲೈನಿಗೆ ಹೋದರೆ ನೋಡಿ ಏನು ಉಪಚಾರ! ತಲೆಗೆ ಹೆಲ್ಮೆಟ್, ತೊಡೆಗೆ ಎದೆಗೆ ಪಟ್ಟಿ, ಒಂದಲ್ಲ ಎರಡು ಕೊಕ್ಕೆ. ಒಬ್ಬ ಎಳೆದು ನೋಡುತ್ತಾನೆ, ಇನ್ನೊಬ್ಬ ಮತ್ತೆ ಎಳೆದು ನೋಡುತ್ತಾನೆ. ಇಷ್ಟೆಲ್ಲ ಅರ್ಧ ನಿಮಿಷಕ್ಕೆ. ಬೆಂಗಳೂರಿನಿಂದ ಬಂದವರು ಎತ್ತರದಲ್ಲಿ ತೂಗಾಡೋಕೆ ದುಡ್ಡು ಕೊಡುತ್ತಾರೆ, ಅವರಿಗೆ ಹಗ್ಗ ಎರಡು. ಅಸ್ಸಾಮಿನಿಂದ ಬಂದವನು ಎತ್ತರದಲ್ಲಿ ತೂಗಾಡಿ ದುಡ್ಡು ತಗೊಳ್ಳುತ್ತಾನೆ, ಬೆಳಗ್ಗೆಯಿಂದ ಸಂಜೆವರೆಗೆ. ಅವನಿಗೆ ಹಗ್ಗ ಯಾಕೆ?

ಕಾನೂನು ಇದೆ. ಕಟ್ಟಡ ಕಾರ್ಮಿಕರಿಗೆ ಅಂತಲೇ 1996ರಲ್ಲಿ ಮಾಡಿದ್ದರು, ಈಗ ಅದನ್ನು ಹೊಸ ಸಂಹಿತೆಯೊಳಗೆ ಸೇರಿಸಿದ್ದಾರೆ. ಹಳೆಯದರಲ್ಲಿ ಹತ್ತು ಜನ ಅಥವಾ ಅದಕ್ಕಿಂತ ಜಾಸ್ತಿ ಕೆಲಸಕ್ಕಿದ್ದರೆ ಅನ್ವಯ ಅಂತ ಇತ್ತು. ಅದಕ್ಕೇ ನಮ್ಮ ಕಂಟ್ರಾಕ್ಟರ್ ಪುಸ್ತಕದಲ್ಲಿ ವರ್ಷವಿಡೀ ಒಂಬತ್ತು ಜನ. ಮಧ್ಯಾಹ್ನ ಊಟದ ಹೊತ್ತಿಗೆ ಎಣಿಸಿದೆ, 17 ತಟ್ಟೆ.

ಕಟ್ಟುವ ಖರ್ಚಿನಲ್ಲಿ ನೂರಕ್ಕೆ ಒಂದು ರೂಪಾಯಿ ಸೆಸ್ ಇದೆ. ಅದರಿಂದ ಕಲ್ಯಾಣ ಮಂಡಳಿ ನಡೆಯುತ್ತದೆ, ಸತ್ತವನ ಮನೆಯವರಿಗೆ ಪರಿಹಾರವೂ ಉಂಟು. ಅವನ ಹೆಸರು ನೋಂದಣಿ ಆಗಿದ್ದರೆ. ನೋಂದಣಿಗೆ ಹಿಂದಿನ ಒಂದು ವರ್ಷದಲ್ಲಿ 90 ದಿನ ಕೆಲಸ ಮಾಡಿದ್ದಕ್ಕೆ ಚೀಟಿ ಬೇಕು. ಹೊರರಾಜ್ಯದ ಹುಡುಗ ಆ ಚೀಟಿಗೆ ಯಾರ ಹತ್ತಿರ ಹೋಗಬೇಕು? ಒಂಬತ್ತೇ ಜನ ಅಂತ ಬರೆದವನ ಹತ್ತಿರವೇ.

ಆ ಸೈಟಿನಲ್ಲಿ ಸಿಮೆಂಟ್ ಮೂಟೆ ಎಷ್ಟಿವೆ ಅಂತ ಕೇಳಿ, ವಾಚ್‌ಮನ್ ನಿದ್ದೆಗಣ್ಣಲ್ಲೂ ಹೇಳುತ್ತಾನೆ. ಕೆಳಗೆ ಹಲಗೆ ಹಾಕಿ, ಮೇಲೆ ಟಾರ್ಪಾಲು ಹೊದಿಸಿ ಇಟ್ಟಿದ್ದಾರೆ. ಸತ್ತ ಹುಡುಗನ ವಯಸ್ಸು "ಸುಮಾರು 25". ಊರು "ಉತ್ತರ ಭಾರತ". ಅಸ್ಸಾಂ ಯಾವ ದಿಕ್ಕಿಗಿದೆ ಅಂತ ನೋಡುವಷ್ಟು ಪುರುಸೊತ್ತೂ ಯಾರಿಗೂ ಇರಲಿಲ್ಲ.

ನನಗೆ ಇನ್ನು ತಮಾಷೆ ಹೊಳೆಯುತ್ತಿಲ್ಲ. ಕಾಲು ಜಾರುತ್ತದೆ ಕಣ್ರೀ. ಎಲ್ಲರ ಕಾಲೂ ಜಾರುತ್ತದೆ, ನನ್ನದು ಬಚ್ಚಲಲ್ಲಿ ಜಾರುತ್ತದೆ. ವರ್ಷಕ್ಕೆ ನಾಲ್ಕು ತಿಂಗಳು ಕಲ್ಲಿಗೂ ಪಾಚಿ ಹಿಡಿಯುವ ಊರು ಇದು. ಆ ಹುಡುಗ ಹವಾಯಿ ಚಪ್ಪಲಿಯಲ್ಲಿ, ತಲೆ ಮೇಲೆ ಬಾಂಡಲಿ ಹೊತ್ತು, ಒದ್ದೆ ಸ್ಲ್ಯಾಬಿನ ಮೇಲೆ ಹಿಮ್ಮುಖ ಹೆಜ್ಜೆ ಹಾಕುತ್ತಿದ್ದ. ಎರಡು ಪೈಪು ಇದ್ದಿದ್ದರೆ ಬೆನ್ನು ಅದಕ್ಕೆ ಬಡಿಯುತ್ತಿತ್ತು. ಬಾಂಡಲಿ ಕೆಳಗೆ ಹೋಗುತ್ತಿತ್ತು. ಮೇಸ್ತ್ರಿ ಬಾಂಡಲಿಗಾಗಿ ಬೈಯುತ್ತಿದ್ದ. ಅವನು ಬೆನ್ನು ಉಜ್ಜಿಕೊಂಡು ಮೂಲೆಗೆ ಹೋಗಿ ಬೀಡಿ ಹಚ್ಚುತ್ತಿದ್ದ. ಸಂಜೆ ಊರಿಗೆ ಫೋನ್ ಮಾಡಿದಾಗ ಇದನ್ನು ಹೇಳುವಷ್ಟು ದೊಡ್ಡ ವಿಷಯವೂ ಆಗುತ್ತಿರಲಿಲ್ಲ.

ಕೆಲಸ ಎರಡು ದಿನ ನಿಂತಿತ್ತು. ಮೂರನೇ ದಿನ ಬೆಳಗ್ಗೆ ಹಾಲು ತರೋಕೆ ಹೋದಾಗ ನೋಡಿದೆ, ಪಿಕಪ್ ಬಂದಿತ್ತು. ಪೈಪು ಬಂತೇನೋ ಅಂತ ಒಂದು ಕ್ಷಣ ನಿಂತೆ. ಇಳಿಸಿದ್ದು ಒಂದು ದೊಡ್ಡ ಬೂದುಗುಂಬಳಕಾಯಿ, ಒಂದು ಹೊಸ ಗೊಂಬೆ. ಹಳೆಯದಕ್ಕೆ ಶಕ್ತಿ ಸಾಕಾಗಲಿಲ್ಲವಂತೆ. ಹೊಸ ಹುಡುಗನೊಬ್ಬ, ಬರಿಗಾಲಲ್ಲಿ, ಅದೇ ಅಂಚಿಗೆ ಬಗ್ಗಿ ಗೊಂಬೆ ಕಟ್ಟುತ್ತಿದ್ದ.

"ಇನ್ನೆರಡು ಸುತ್ತು ವೈರ್ ಹಾಕೋ," ಕೆಳಗಿನಿಂದ ಮೇಸ್ತ್ರಿ ಕೂಗಿದ, "ಗಾಳಿಗೆ ಬಿದ್ದುಹೋದೀತು."