ಒಂಟೆಯ ದಾರಿಗೆ ಅಡ್ಡ ಬಂದ ಕಾರು

ಅರಬ್ ನಾಡಿನಲ್ಲೂ ಮಳೆಗಾಲವಿದೆ ಎಂದರೆ ಊರಿನಲ್ಲಿ ಯಾರೂ ನಂಬುವುದಿಲ್ಲ. ಉಡುಪಿಯಲ್ಲಿ ನಮ್ಮ ಮನೆಯ ಹೆಂಚು ಸೋರಿಸುವ ಅದೇ ನೈಋತ್ಯ ಮಾರುತವು ಜೂನ್ ಕೊನೆಯಿಂದ ಸೆಪ್ಟೆಂಬರಿನವರೆಗೆ ಒಮಾನಿನ ದೋಫಾರ್ ಪ್ರಾಂತ್ಯದ ಬೆಟ್ಟಗಳಿಗೂ ಮಂಜು, ತುಂತುರುಗಳನ್ನು ಹೊತ್ತು ತರುತ್ತದೆ. ಅಲ್ಲಿಯವರು ಈ ಕಾಲವನ್ನು ಖರೀಫ್ ಎನ್ನುತ್ತಾರೆ. ಬೆಟ್ಟ ಹಸಿರಾದಾಗ ಜಾನುವಾರು ಬೆಟ್ಟ ಹತ್ತಬೇಕು ಎಂಬುದು ನಮ್ಮ ತಿಳಿವಳಿಕೆ. ದೋಫಾರದ ಒಂಟೆಗಳು ಆಗಲೇ ಕೆಳಗಿಳಿಯುತ್ತವೆ. ಮರಳಿಗೆಂದೇ ಅಗಲವಾಗಿ, ಮೆತ್ತಗೆ ಬೆಳೆದ ಅವುಗಳ ಪಾದ ಕೆಸರಿನಲ್ಲಿ ಜಾರುತ್ತದೆ, ಮೇಲಾಗಿ ನೊಣಗಳ ಕಾಟ. ಆದ್ದರಿಂದ ಬೆಟ್ಟದ ಜಬ್ಬಾಲಿ ಜನರು ಹಿಂಡುಗಳನ್ನು ಕೆಳಗಿನ ಸಲಾಲ ನಗರದ ಬಯಲಿಗೆ ಹೊಡೆದುಕೊಂಡು ಬರುತ್ತಾರೆ. ಆ ಬಯಲಿನಲ್ಲಿ ಕೆಸರೇ ಇಲ್ಲದ, ಸಮತಟ್ಟಾದ, ನಡೆಯಲು ಹಿತವಾದ ಜಾಗವೆಂದರೆ ನಾನು ಕಚೇರಿಗೆ ಹೋಗುವ ಹೆದ್ದಾರಿ.

ಒಂದು ಬೆಳಿಗ್ಗೆ ಹಿಂಡೊಂದು ರಸ್ತೆಯ ನಟ್ಟನಡುವೆ ನಿಂತು ಮೆಲುಕು ಹಾಕುತ್ತಿತ್ತು. ನಾನು ಹಾರನ್ ಬಾರಿಸಿದೆ. ಮುಂದಿದ್ದ ಒಂಟೆ ಎರಡು ಸಾಲು ರೆಪ್ಪೆಗಳ ಅಡಿಯಿಂದ ನನ್ನನ್ನು ನೋಡಿ, ಬಳಿಕ ನೋಡುವುದನ್ನೂ ನಿಲ್ಲಿಸಿತು. ಅಷ್ಟರಲ್ಲಿ ಇನ್ನೊಂದು ಪಕ್ಕಕ್ಕೆ ಬಂದು, ಬಹಳ ದಿನಗಳಿಂದ ತುರಿಸುತ್ತಿದ್ದ ಕತ್ತಿಗೆ ನನ್ನ ಕಾರಿನ ಪಕ್ಕದ ಕನ್ನಡಿ ತಕ್ಕ ಎತ್ತರದಲ್ಲಿದೆ ಎಂಬುದನ್ನು ಕಂಡುಕೊಂಡಿತು. ಕನ್ನಡಿ ಕಳಚಿ ಬಿದ್ದಾಗ ಅದಕ್ಕೆ ನಿಜವಾಗಿಯೂ ಬೇಸರವಾದಂತಿತ್ತು, ಏಕೆಂದರೆ ತುರಿಕೆ ಇನ್ನೂ ಮುಗಿದಿರಲಿಲ್ಲ. ದೂರದ ದಿಬ್ಬದ ಮೇಲಿಂದ ವಯಸ್ಸಾದ ಯಜಮಾನರೊಬ್ಬರು ಬಾಯಿಗೆ ಕೈ ಒಡ್ಡಿ, ಹಾಡೂ ಅಲ್ಲದ ಕರೆಯೂ ಅಲ್ಲದ ಒಂದು ದನಿ ತೆಗೆದರು. ಇಡೀ ಹಿಂಡು ಅತ್ತ ತಿರುಗಿ ಶಿಸ್ತಿನಿಂದ ನಡೆದುಹೋಯಿತು. ಒಮಾನ್, ಸೌದಿ ಅರೇಬಿಯ, ಯುಎಇಗಳ ಈ ಕರೆಯುವ ವಿದ್ಯೆಯನ್ನು ಯುನೆಸ್ಕೋ 2022ರಲ್ಲಿ ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದೆ. ನನ್ನ ಹಾರನ್ನನ್ನು ಸೇರಿಸುವ ಪ್ರಸ್ತಾಪ ಇನ್ನೂ ಬಂದಿಲ್ಲ.

ವಿಮೆಯವರು ತುಂಬಲು ಕೊಟ್ಟ ಅರ್ಜಿಯಲ್ಲಿ ‘ಎದುರಿನ ವಾಹನದ ನೋಂದಣಿ ಸಂಖ್ಯೆ’ ಎಂಬ ಕಾಲಂ ಇತ್ತು. ಖಾಲಿ ಬಿಟ್ಟರೆ ಅರ್ಜಿ ಮುಂದೆ ಹೋಗುವುದಿಲ್ಲವೆಂದು ಗುಮಾಸ್ತರು ಹೇಳಿದ್ದರಿಂದ ಯಜಮಾನರ ಕೊಟ್ಟಿಗೆಯನ್ನು ಹುಡುಕಿಕೊಂಡು ಹೋದೆ. ಅವರು ನಗಲಿಲ್ಲ. ಒಂಟೆಯ ಮೇಲೆ ಕಾಸಿದ ಕಬ್ಬಿಣದಿಂದ ಎಳೆದಿದ್ದ ಬರೆಯನ್ನು ತೋರಿಸಿ, “ಇದು ವಸ್ಮ್, ನಮ್ಮ ಕುಲದ ಗುರುತು, ಬರೆದುಕೋ ಸದೀಖ್ (ಗೆಳೆಯಾ)” ಎಂದರು. ಯಾವ ಒಂಟೆ ಯಾರದೆಂದು ತಿಳಿಯಲು ಬೆದುವಿನ್ ಎಂಬ ಮರುಭೂಮಿಯ ಪಶುಪಾಲಕರಿಗೆ ಈ ಬರೆಯೇ ಸಾಕು. ಎರಡು ಗೆರೆ, ಒಂದು ಕೊಂಡಿಯ ಆ ಚಿತ್ರವನ್ನು ಕಾಲಮ್ಮಿನಲ್ಲಿ ಹಾಗೆಯೇ ಬಿಡಿಸಿದೆ. ಅರ್ಜಿ ಇಂದಿಗೂ ಪರಿಶೀಲನೆಯಲ್ಲಿದೆ.

ಕನ್ನಡಿಯ ಋಣಕ್ಕೋ ಏನೋ, ಯಜಮಾನರು ನನಗೆ ಹಾಲು ಕುಡಿಸದೆ ಕಳಿಸಲಿಲ್ಲ. ಒಂಟೆಯ ಹಾಲು ಕರೆಯುವುದು ಅಲ್ಲಿ ಗಂಡಸರ ಕೆಲಸ. ಮೊದಲು ಮರಿಯನ್ನು ಬಿಟ್ಟು, ತಾಯಿ ಸೊರೆ ಬಿಟ್ಟ ಕೂಡಲೇ ಅವರು ಒಂಟಿ ಕಾಲಿನಲ್ಲಿ ನಿಂತು, ಇನ್ನೊಂದು ಕಾಲನ್ನು ಮಡಚಿ, ಆ ಮೊಣಕಾಲಿನ ಮೇಲೆ ಬಟ್ಟಲನ್ನಿಟ್ಟು ಎರಡೂ ಕೈಯಿಂದ ಕರೆದರು. ಎದುರಿನ ಎರಡು ಮೊಲೆಗಳಲ್ಲಿ ಮರಿ ತನ್ನ ಪಾಲನ್ನು ಕುಡಿಯುತ್ತಲೇ ಇತ್ತು. ಆ ವಯಸ್ಸಿನಲ್ಲಿ ಹಾಗೆ ನಿಲ್ಲುವುದು ಯೋಗಶಿಬಿರಗಳಲ್ಲಿಯೂ ಕಾಣದ ನೋಟ. ಹಾಲು ಬೆಚ್ಚಗೆ, ನೊರೆನೊರೆಯಾಗಿ, ತುಸು ಉಪ್ಪಾಗಿತ್ತು. ಅಭ್ಯಾಸವಿಲ್ಲದ ಹೊಟ್ಟೆಗೆ ಅದು ಏನು ಮಾಡುತ್ತದೆ ಎಂಬುದನ್ನು ವಿವರಿಸದಿರುವುದೇ ಮರ್ಯಾದೆ. ಮರುದಿನ ನಾನು ಕಚೇರಿಗೆ ಹೋಗಲಿಲ್ಲ ಎಂದಷ್ಟೇ ಹೇಳಬಲ್ಲೆ.

ಜೊತೆಗೆ ಕೊಟ್ಟಿದ್ದ ಒಂದು ಬಾಟಲಿ ಹಾಲಿಗೆ ನನ್ನ ಹೆಂಡತಿ ಹೆಪ್ಪು ಹಾಕಿದಳು. ಬೆಳಗಾದರೂ ಅದು ನೀರಾಗಿಯೇ ಇತ್ತು. ಅವಳು ಮೊದಲು ಹೆಪ್ಪನ್ನು, ನಂತರ ಏರ್ ಕಂಡೀಷನರನ್ನು, ಕೊನೆಗೆ ವಾಡಿಕೆಯಂತೆ ನನ್ನನ್ನು ಅನುಮಾನಿಸಿದಳು. ಹಾಲನ್ನು ಗಟ್ಟಿಯಾಗಿ ಹಿಡಿದಿಡುವ ಕಪ್ಪಾ ಕೇಸಿನ್ ಎಂಬ ಪ್ರೋಟೀನು ಒಂಟೆಯ ಹಾಲಿನಲ್ಲಿ ಹಸುವಿನದಕ್ಕಿಂತ ಬಹಳ ಕಡಿಮೆಯಿರುವುದರಿಂದ, ಹುಳಿಯಾದರೂ ಅದು ಕೆನೆಮೊಸರಾಗುವುದಿಲ್ಲ. ಈ ವಿವರಣೆಯನ್ನು ಅವಳು ನನ್ನ ಪರವಾದ ಸಾಕ್ಷ್ಯವೆಂದು ತಳ್ಳಿಹಾಕಿದಳು.

ಯಜಮಾನರಿಗೂ ಇದನ್ನು ಹೇಳಿದೆ. ಮೊಸರಿನ ಚಿಂತೆ ಅವರಿಗೆ ಅರ್ಥವಾಗಲಿಲ್ಲ. “ನಿಮ್ಮೂರಿನಲ್ಲಿ ಹಸುವಿಗೆ ಏನು ತಿನ್ನಿಸುತ್ತೀರಿ?” ಎಂದು ಕೇಳಿದರು. ಬೈಹುಲ್ಲು, ಹಿಂಡಿ ಎಂದೆ. “ಮೀನು?” ಎಂದರು. ತಮಾಷೆಯಲ್ಲ: ಮೇವು ಕಡಿಮೆಯಾಗುವ ತಿಂಗಳುಗಳಲ್ಲಿ ದೋಫಾರದವರು ಕಡಲದಂಡೆಯಲ್ಲಿ ಒಣಗಿಸಿದ ಭೂತಾಯಿ ಮೀನನ್ನು ಒಂಟೆಗೂ ದನಕ್ಕೂ ತಿನ್ನಿಸುತ್ತಾರೆ, ಅವೂ ಒಗ್ಗರಣೆಯ ಹಂಗಿಲ್ಲದೆ ಕುರುಕುರು ಎಂದು ಅಗಿಯುತ್ತವೆ. ಮೀನನ್ನು ನಾವೇ ತಿನ್ನುತ್ತೇವೆ, ಹಸುವಿಗೆ ಕೊಡುವುದಿಲ್ಲ ಎಂದಾಗ ಅವರು ನನ್ನನ್ನು ನೋಡಿದ ನೋಟದಲ್ಲಿ, ಊರಿನಲ್ಲಿರುವ ನನ್ನ ಹಸುಗಳ ಬಗ್ಗೆ ಮರುಕ ತುಂಬಿತ್ತು. ಹೊರಡುವಾಗ ಅವರ ಕೆಲಸದ ಹುಡುಗ ಒಂದು ಮೂಟೆ ಒಣ ಭೂತಾಯಿಯನ್ನು ಡಿಕ್ಕಿಯಲ್ಲಿಟ್ಟು, ಹಸುವಿಗಂತೆ ಎಂದು ತಿಳಿಸಿದ.

ಮೂಟೆಯನ್ನು ಉಡುಪಿಗೆ ಕಳಿಸುವುದು ಹೇಗೂ ಸಾಧ್ಯವಿರಲಿಲ್ಲ. ಹೆಂಡತಿ ಅದರಿಂದ ಒಂದಿಷ್ಟನ್ನು ತೆಗೆದು, ಮರಳು ಹೋಗುವವರೆಗೆ ತೊಳೆದು, ಹುರಿದು, ತೆಂಗಿನತುರಿ, ಒಣಮೆಣಸು, ಹುಣಸೆಹಣ್ಣಿನೊಂದಿಗೆ ಚಟ್ನಿ ಅರೆದಳು. ಆ ಶುಕ್ರವಾರ ಊಟಕ್ಕೆ ಬಂದ ಕುಂದಾಪುರದ ಗೆಳೆಯರು ಮತ್ತೆ ಮತ್ತೆ ಬಡಿಸಿಕೊಂಡು, ಇಂಥ ಒಣಮೀನು ಈಗ ಊರಿನಲ್ಲೂ ಸಿಗುವುದಿಲ್ಲವಲ್ಲ, ಯಾವ ಅಂಗಡಿಯಿಂದ ತಂದಿರಿ ಮಾರಾಯ್ರೆ ಎಂದು ವಿಚಾರಿಸಿದರು.