ಅಧ್ಯಕ್ಷರನ್ನು ಬದಲಿಸಿದರೆ ಸಾಲದು, ಮತದ ಲೆಕ್ಕ ಬದಲಾಗಬೇಕು

2025ರ ಅಕ್ಟೋಬರ್‌ನಲ್ಲಿ ಗೋವಾದ ಫತೋರ್ಡಾದಲ್ಲಿ ಸಿಂಗಪುರದ ಎದುರು 1–2ರಿಂದ ಸೋತ ಭಾರತದ ಫುಟ್‌ಬಾಲ್ ತಂಡಕ್ಕೆ 2027ರ ಏಷ್ಯನ್ ಕಪ್ ಕೈತಪ್ಪಿತು. ಮರುತಿಂಗಳು ಢಾಕಾದಲ್ಲಿ ಬಾಂಗ್ಲಾದೇಶದ ಎದುರೂ ಸೋಲು. ಎರಡೂ ಸಲ ಫೇಸ್‌ಬುಕ್ ತುಂಬ ಒಂದೇ ಕೂಗು: ಕೋಚ್ ಬದಲಿಸಿ, ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ (ಎಐಎಫ್‌ಎಫ್) ಅಧ್ಯಕ್ಷರನ್ನು ಇಳಿಸಿ. ಸಿಟ್ಟು ನ್ಯಾಯವಾದದ್ದೇ. ಆದರೆ ಅಧ್ಯಕ್ಷರು ಆಕಾಶದಿಂದ ಉದುರುವುದಿಲ್ಲ. ಅವರನ್ನು ಆರಿಸುವವರಿದ್ದಾರೆ. ಆ ಮತದಾರರು ಯಾರು, ಅವರಿಗೆ ಬೇಕಾದ್ದೇನು ಎಂದು ನೋಡದೆ ಎಷ್ಟು ಅಧ್ಯಕ್ಷರನ್ನು ಬದಲಿಸಿದರೂ ನಮ್ಮ ಫುಟ್‌ಬಾಲ್ ಇದ್ದಲ್ಲೇ ಇರುತ್ತದೆ.

2022ರ ಸೆಪ್ಟೆಂಬರ್ 2ರ ಅಧ್ಯಕ್ಷರ ಚುನಾವಣೆ ನೆನಪಿಸಿಕೊಳ್ಳಿ. ಕಲ್ಯಾಣ್ ಚೌಬೆ ಅವರಿಗೆ 33 ಮತ, ಬೈಚುಂಗ್ ಭುಟಿಯಾ ಅವರಿಗೆ 1. ಭಾರತದ ಪರ ವರ್ಷಗಟ್ಟಲೆ ಗೋಲು ಹೊಡೆದ ಭುಟಿಯಾಗೆ ಒಂದೇ ಮತವೇ ಎಂದು ಅವತ್ತು ಎಲ್ಲರೂ ಬೆರಗಾದರು. ಬೆರಗಾಗುವಂಥದ್ದೇನೂ ಇರಲಿಲ್ಲ. ಮತ ಹಾಕಿದವರು ರಾಜ್ಯ ಸಂಸ್ಥೆಗಳ ಪ್ರತಿನಿಧಿಗಳು, ರಾಜ್ಯಕ್ಕೊಂದು ಮತ. ತಿಂಗಳುಗಟ್ಟಲೆ ಹಲವು ಡಿವಿಷನ್‌ಗಳ ಲೀಗ್ ನಡೆಸುವ ರಾಜ್ಯಕ್ಕೂ ಒಂದು, ಎರಡು ವಾರದಲ್ಲಿ ನಾಕೌಟ್ ಟೂರ್ನಿ ಮುಗಿಸಿ ಬಾಗಿಲು ಹಾಕುವ ರಾಜ್ಯಕ್ಕೂ ಒಂದು. ಗೆಲ್ಲಬೇಕಾದವರು ಹೋಗಬೇಕಾದದ್ದು ರಾಜ್ಯ ಸಂಸ್ಥೆಯ ಪದಾಧಿಕಾರಿಗಳ ಬಳಿಗೆ. ಅವರು ಕೇಳುವುದು ಅನುದಾನ, ಸಮಿತಿಯಲ್ಲೊಂದು ಜಾಗ, ತಮ್ಮ ಊರಿಗೊಂದು ರಾಷ್ಟ್ರೀಯ ಟೂರ್ನಿ. 13 ವರ್ಷದೊಳಗಿನವರ ಲೀಗ್ ನಡೆಸಿದ್ದಕ್ಕೆ ಒಂದು ಮತವೂ ಹೆಚ್ಚುವುದಿಲ್ಲ, ನಡೆಸದಿದ್ದರೆ ಒಂದೂ ಕಡಿಮೆಯಾಗುವುದಿಲ್ಲ. ಯಾರು ಗದ್ದುಗೆಯಲ್ಲಿ ಕೂತರೂ ಈ ಲೆಕ್ಕವೇ ಅವರನ್ನು ನಡೆಸುತ್ತದೆ.

ಈ ಲೆಕ್ಕ ಇವತ್ತಿನದಲ್ಲ. 1888ರಲ್ಲಿ ಶಿಮ್ಲಾದಲ್ಲಿ ಡ್ಯುರಾಂಡ್ ಕಪ್ ಶುರುವಾಯಿತು. 1893ರಲ್ಲಿ ಕೋಲ್ಕತ್ತದಲ್ಲಿ ಇಂಡಿಯನ್ ಫುಟ್‌ಬಾಲ್ ಅಸೋಸಿಯೇಷನ್ ಹುಟ್ಟಿತು. ಹೆಸರಿನಲ್ಲಿ ಇಂಡಿಯನ್ ಇದ್ದರೂ ಅದು ಬಂಗಾಳದ ಸಂಸ್ಥೆ. ಉಳಿದ ಪ್ರಾಂತ್ಯಗಳಿಗೆ ಅದರ ಯಜಮಾನಿಕೆ ಬೇಡವಾಗಿತ್ತು. ಎಳೆದಾಟ ಮುಗಿದು, 1937ರ ಜೂನ್ 23ರಂದು ಶಿಮ್ಲಾದಲ್ಲಿ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಸ್ಥಾಪನೆಯಾಯಿತು. ಅಂದರೆ ಎಐಎಫ್‌ಎಫ್ ಪ್ರಾಂತ್ಯ ಪ್ರಾಂತ್ಯಗಳ ನಡುವಿನ ರಾಜಿಯ ಕೂಸು. ಕ್ಲಬ್‌ಗಳು ಸೇರಿ ಕಟ್ಟಿದ ಸಂಸ್ಥೆ ಅದಲ್ಲ. ಲಂಡನ್ನಿನಲ್ಲಿ 1863ರಲ್ಲಿ ಫುಟ್‌ಬಾಲ್ ಅಸೋಸಿಯೇಷನ್ ಕಟ್ಟಿದವರು ಕ್ಲಬ್ಬಿನವರು, ವಾರ ವಾರ ಆಡುವವರು. ಅಲ್ಲಿಗೂ ಇಲ್ಲಿಗೂ ಬುನಾದಿಯಲ್ಲೇ ವ್ಯತ್ಯಾಸ.

ಆ ರಾಜಿಯ ಗುರುತು ಮುಂದಿನ ಎಲ್ಲ ಕೆಲಸದಲ್ಲೂ ಕಾಣುತ್ತದೆ. 1941ರಲ್ಲಿ ಶುರುವಾದ ಸಂತೋಷ್ ಟ್ರೋಫಿ ರಾಜ್ಯ ರಾಜ್ಯಗಳ ನಡುವಿನ ಟೂರ್ನಿ. ದೇಶಕ್ಕೊಂದು ಕ್ಲಬ್ ಲೀಗ್ ಬರಲು 1996ರವರೆಗೆ ಕಾಯಬೇಕಾಯಿತು. ಫೆಡರೇಷನ್ ಹುಟ್ಟಿ 59 ವರ್ಷದ ಮೇಲೆ! ಎಐಎಫ್‌ಎಫ್ ಚರಿತ್ರೆಯಲ್ಲಿ ಒಂದೇ ಒಂದು ಅಂಕಿ ನೆನಪಿಟ್ಟುಕೊಳ್ಳಬೇಕು ಎಂದರೆ ನಾನು ಹೇಳುವುದು ಇದನ್ನೇ.

ಹಾಗಾದರೆ 1951 ಮತ್ತು 1962ರ ಏಷ್ಯನ್ ಗೇಮ್ಸ್ ಚಿನ್ನ, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನ ನಾಲ್ಕನೇ ಸ್ಥಾನ ಎಲ್ಲಿಂದ ಬಂದವು? ಕೋಲ್ಕತ್ತ, ಹೈದರಾಬಾದ್, ಮುಂಬೈ, ನಮ್ಮ ಬೆಂಗಳೂರಿನಂಥ ಊರುಗಳ ಸ್ಥಳೀಯ ಫುಟ್‌ಬಾಲ್‌ನಿಂದ. ಎಐಎಫ್‌ಎಫ್ ಹುಟ್ಟಿದ 1937ರಲ್ಲೇ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬೈಗೆ ಹೋಗಿ ರೋವರ್ಸ್ ಕಪ್ ಗೆದ್ದು ಬಂದಿತ್ತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಎದುರು 1–2ರಿಂದ ಸೋತ ಪಂದ್ಯದಲ್ಲಿ ಭಾರತದ ಗೋಲು ಹೊಡೆದ ಎಸ್. ರಾಮನ್ ಬೆಂಗಳೂರಿನವರು. ಅಹ್ಮದ್ ಖಾನ್, ಕೆಂಪಯ್ಯ, 1962ರಲ್ಲಿ ಜಕಾರ್ತಾದಲ್ಲಿ ಚಿನ್ನ ಗೆದ್ದ ತಂಡದ ಅರುಮೈನಾಯಗಂ ಇಲ್ಲಿಯವರೇ. ಕೋಚ್ ಸೈಯದ್ ಅಬ್ದುಲ್ ರಹೀಮ್ ಅವರ ಕೈಗೆ ಸಿಕ್ಕಿದ್ದು ಊರ ಲೀಗುಗಳಲ್ಲಿ ಮಾಗಿದ ಆಟಗಾರರು. ಅವರನ್ನು ಫೆಡರೇಷನ್ ಆರಿಸಿತು ಅಷ್ಟೇ, ಬೆಳೆಸಲಿಲ್ಲ. ಊರ ಲೀಗುಗಳು ಸೊರಗಿದ ಮೇಲೆ ಆರಿಸಲು ಯಾರೂ ಉಳಿಯಲಿಲ್ಲ.

1950ರ ವಿಶ್ವಕಪ್ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಬರಿಗಾಲಲ್ಲಿ ಆಡಲು ಫಿಫಾ ಬಿಡಲಿಲ್ಲ, ಅದಕ್ಕೇ ಭಾರತ ಬ್ರೆಜಿಲ್‌ಗೆ ಹೋಗಲಿಲ್ಲ ಎಂಬ ಕಥೆ ಇನ್ನೂ ಓಡಾಡುತ್ತಿದೆ. ನಮ್ಮ ಗುಂಪಿನ ಉಳಿದ ದೇಶಗಳು ಹಿಂದೆ ಸರಿದದ್ದರಿಂದ ಭಾರತಕ್ಕೆ ಆಡದೆಯೇ ಜಾಗ ಸಿಕ್ಕಿತ್ತು. ಪ್ರಯಾಣದ ಖರ್ಚಿನ ಬಹುಪಾಲನ್ನು ಕೊಡಲು ಸಂಘಟಕರು ಸಿದ್ಧರಿದ್ದರು. ಬರುವುದಿಲ್ಲ ಎಂದದ್ದು ಎಐಎಫ್‌ಎಫ್. ಅಭ್ಯಾಸಕ್ಕೆ ಸಮಯವಿಲ್ಲ, ತಂಡದ ಆಯ್ಕೆಯಲ್ಲಿ ಒಮ್ಮತವಿಲ್ಲ ಎಂಬ ಕಾರಣಗಳನ್ನು ಕೊಟ್ಟಿತು. ಆ ಕಾಲದ ನಾಯಕ ಶೈಲೆನ್ ಮನ್ನಾ ಅವರೇ ಮುಂದೆ ಹೇಳಿದಂತೆ, ವಿಶ್ವಕಪ್ ಎಂದರೆ ಏನೆಂಬ ಅಂದಾಜೇ ಆಗ ಇರಲಿಲ್ಲ, ಒಲಿಂಪಿಕ್ಸೇ ದೊಡ್ಡದು. ತಪ್ಪನ್ನು ಬೂಟಿನ ಮೇಲೆ ಹಾಕುವುದು ಸುಲಭ, ಹಾಕಬೇಕಾದ್ದು ಕಚೇರಿಯ ಮೇಲೆ.

ಈಗ ಫೆಡರೇಷನ್ನಿನ ನಿಜವಾದ ಕೆಲಸಕ್ಕೆ ಬರೋಣ. ಟಿವಿಯಲ್ಲಿ ಕಾಣುವುದು ರಾಷ್ಟ್ರೀಯ ತಂಡ. ಕಾಣದ ಕೆಲಸವೇ ಮುಖ್ಯ: ಆಟಗಾರರ ನೋಂದಣಿ, ವರ್ಗಾವಣೆ, ಶಿಸ್ತು ಸಮಿತಿ, ಕ್ಲಬ್ ಪರವಾನಗಿ, ರೆಫರಿ ತರಬೇತಿ, ಡಿ ಲೈಸೆನ್ಸ್‌ನಿಂದ ಪ್ರೊ ಲೈಸೆನ್ಸ್‌ವರೆಗೆ ಕೋಚ್‌ಗಳ ಕೋರ್ಸು. ಇದರಲ್ಲಿ ನೋಂದಣಿ ಒಂದನ್ನೇ ಹತ್ತಿರದಿಂದ ನೋಡೋಣ, ಉಳಿದದ್ದೆಲ್ಲ ನಿಂತಿರುವುದು ಅದರ ಮೇಲೆ.

ಎಐಎಫ್‌ಎಫ್‌ನ ನೋಂದಣಿ ಆನ್‌ಲೈನ್‌ನಲ್ಲಿ ನಡೆಯುತ್ತದೆ, ಸಿಆರ್‌ಎಸ್ ಎನ್ನುತ್ತಾರೆ. ಕ್ಲಬ್ಬು ಹುಡುಗನ ಫೋಟೊ, ಜನನ ಪ್ರಮಾಣಪತ್ರ, ಗುರುತಿನ ಚೀಟಿ ಹಾಕಿ ಅರ್ಜಿ ಸಲ್ಲಿಸುತ್ತದೆ, ಸಂಸ್ಥೆ ಪರಿಶೀಲಿಸಿ ಒಪ್ಪುತ್ತದೆ. ಅಲ್ಲಿಂದ ಅವನ ಆಟದ ದಾಖಲೆ ಶುರು. ಯಾವ ಸೀಸನ್‌ನಲ್ಲಿ ಯಾವ ಕ್ಲಬ್ಬಿನಲ್ಲಿದ್ದ ಎಂಬ ಈ ದಾಖಲೆಗೆ ಪ್ಲೇಯರ್ ಪಾಸ್‌ಪೋರ್ಟ್ ಎಂದು ಹೆಸರು.

ಇದು ಬರೀ ಕಾಗದ ಅಂದುಕೊಳ್ಳಬೇಡಿ, ದುಡ್ಡಿನ ವಿಷಯ. ಆಟಗಾರ ಒಪ್ಪಂದದ ನಡುವೆ ಒಂದು ದೇಶದ ಕ್ಲಬ್ಬಿನಿಂದ ಇನ್ನೊಂದು ದೇಶದ ಕ್ಲಬ್ಬಿಗೆ ಹೋದಾಗ, ವರ್ಗಾವಣೆ ಮೊತ್ತದ 5 ಪರ್ಸೆಂಟ್ ಅವನನ್ನು 12ರಿಂದ 23ನೇ ವಯಸ್ಸಿನವರೆಗೆ ಬೆಳೆಸಿದ ಕ್ಲಬ್‌ಗಳಿಗೆ ಹಂಚಿಕೆಯಾಗಬೇಕು ಎಂಬುದು ಫಿಫಾ ನಿಯಮ. 12ರಿಂದ 15ರವರೆಗಿನ ಪ್ರತಿ ವರ್ಷಕ್ಕೆ ಒಟ್ಟು ಮೊತ್ತದ 0.25 ಪರ್ಸೆಂಟ್, 16ರಿಂದ 23ರವರೆಗೆ ಪ್ರತಿ ವರ್ಷಕ್ಕೆ 0.5 ಪರ್ಸೆಂಟ್. ಹುಡುಗ 10 ಲಕ್ಷ ಡಾಲರ್‌ಗೆ ಹೋದ ಅಂತಿಟ್ಟುಕೊಳ್ಳಿ. 12ರಿಂದ 15ರವರೆಗೆ ನಾಲ್ಕು ವರ್ಷ ಅವನನ್ನು ಸಾಕಿದ ಊರ ಕ್ಲಬ್ಬಿಗೆ 10,000 ಡಾಲರ್ ಸಲ್ಲಬೇಕು. ಸಣ್ಣ ಕ್ಲಬ್ಬಿಗೆ ಅದು ವರ್ಷಗಳ ಚೆಂಡು, ಬಾಡಿಗೆ, ಕೋಚ್ ಸಂಬಳ. ಆದರೆ ಆ ನಾಲ್ಕು ವರ್ಷದಲ್ಲಿ ಅವನ ಹೆಸರು ಕ್ಲಬ್ಬಿನ ನೋಟ್‌ಬುಕ್ಕಿನಲ್ಲಿ ಮಾತ್ರ ಇದ್ದು ಸಿಆರ್‌ಎಸ್‌ನಲ್ಲಿ ಇಲ್ಲದಿದ್ದರೆ, ಹಕ್ಕು ಸಾಬೀತು ಮಾಡುವ ದಾರಿಯೇ ಉಳಿಯುವುದಿಲ್ಲ. ಟೂರ್ನಿ ಬಂದಾಗ ಮಾತ್ರ ನೋಂದಣಿ ಮಾಡಿಸಿ, ಮುಗಿದ ಮೇಲೆ ಮರೆಯುವ ರಾಜ್ಯಗಳಲ್ಲಿ ಆಗುವ ನಷ್ಟ ಇದು.

ಎರಡನೆಯ ತೊಂದರೆ ವಯಸ್ಸಿನದು. 2009ರಿಂದ ಫಿಫಾ ಹುಡುಗರ 17 ವರ್ಷದೊಳಗಿನ ವಿಶ್ವಕಪ್‌ನಲ್ಲಿ ಮಣಿಕಟ್ಟಿನ ಎಂಆರ್‌ಐ ತೆಗೆಸುತ್ತದೆ. ರೇಡಿಯಸ್ ಎಲುಬಿನ ತುದಿಯ ಬೆಳವಣಿಗೆಯ ಪದರ ಪೂರ್ತಿ ಕೂಡಿಕೊಂಡಿದ್ದರೆ ಹುಡುಗ 17 ದಾಟಿದ್ದಾನೆ ಎಂದೇ ಲೆಕ್ಕ. 12ನೇ ವಯಸ್ಸಿನಲ್ಲೇ ಸರಿಯಾಗಿ ನೋಂದಣಿಯಾಗಿದ್ದರೆ ಇಷ್ಟು ದೂರ ಬರುವ ಪ್ರಮೇಯವೇ ಕಡಿಮೆ. ತಡವಾಗಿ ನೋಂದಣಿಯಾದ ಹುಡುಗ ವಯಸ್ಸು ಇಳಿಸಿ ಬರೆಸುತ್ತಾನೆ, ದೇಹಬಲದಿಂದ ಗೆಲ್ಲುತ್ತಾನೆ, ನಿಜವಾಗಿ ಚಿಕ್ಕವನಾದ ಜಾಣ ಆಟಗಾರ ಬೆಂಚಿನಲ್ಲಿ ಕೂತು ಆಟ ಬಿಡುತ್ತಾನೆ.

ಕಡತ ಮತ್ತು ಶಿಸ್ತಿನ ಕೆಲಸ ಮೇಲಿನ ಹಂತದಲ್ಲಿ ಎಡವಿದರೆ ಏನಾಗುತ್ತದೆ ಎಂಬುದಕ್ಕೆ ದೇಶದ ಎರಡನೇ ಹಂತದ ಲೀಗ್ ಆದ ಐ-ಲೀಗ್‌ನ 2024–25ರ ಸೀಸನ್ ಸಾಕ್ಷಿ. ನಾಮಧಾರಿ ತಂಡ ಇಂಟರ್ ಕಾಶಿ ಎದುರು ಅಮಾನತಿನಲ್ಲಿದ್ದ ಆಟಗಾರನನ್ನು ಇಳಿಸಿತು ಎಂಬ ದೂರು ಶಿಸ್ತು ಸಮಿತಿಗೆ, ಅಲ್ಲಿಂದ ಮೇಲ್ಮನವಿ ಸಮಿತಿಗೆ, ಕೊನೆಗೆ ಸ್ವಿಟ್ಜರ್ಲೆಂಡಿನ ಕ್ರೀಡಾ ನ್ಯಾಯಮಂಡಳಿಗೆ ಹೋಯಿತು. ಏಪ್ರಿಲ್‌ನಲ್ಲಿ ಚರ್ಚಿಲ್ ಬ್ರದರ್ಸ್ ಚಾಂಪಿಯನ್ ಎಂದು ಘೋಷಣೆಯಾಗಿತ್ತು. ಜುಲೈನಲ್ಲಿ ಇಂಟರ್ ಕಾಶಿ ಚಾಂಪಿಯನ್ ಆಯಿತು. ಪಂದ್ಯದ ಹಿಂದಿನ ಸಂಜೆಯೇ ಹಳದಿ ಕಾರ್ಡುಗಳ ಲೆಕ್ಕ ತಾಳೆ ನೋಡಿ ಎರಡೂ ತಂಡಗಳಿಗೆ ಅಮಾನತಿನ ಪಟ್ಟಿ ಕಳಿಸಿ, ಸಹಿ ಪಡೆದಿದ್ದರೆ ಈ ದೂರಿಗೆ ಮೂಲವೇ ಇರುತ್ತಿರಲಿಲ್ಲ.

ಹಣಕಾಸಿನಲ್ಲೂ ಇದೇ ಹಾಡು. 2010ರಲ್ಲಿ 15 ವರ್ಷಕ್ಕೆ 700 ಕೋಟಿ ರೂಪಾಯಿಯ ವಾಣಿಜ್ಯ ಹಕ್ಕುಗಳ ಒಪ್ಪಂದಕ್ಕೆ ಸಹಿ ಬಿತ್ತು, ಅದರಿಂದಲೇ 2014ರಲ್ಲಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಬಂತು. ಸರಾಸರಿ ವರ್ಷಕ್ಕೆ 46–47 ಕೋಟಿ. ದುಡ್ಡು ಬಂದದ್ದು ನಿಜ, ಮೈದಾನಗಳು ಚೆನ್ನಾದದ್ದೂ ನಿಜ. ಆದರೆ ದೇಶದ ಅತಿ ಮೇಲಿನ ಹಂತದ ಲೀಗ್ ಒಂದೇ ಒಪ್ಪಂದಕ್ಕೆ ಜೋತುಬಿತ್ತು. ಒಪ್ಪಂದ 2025ರ ಡಿಸೆಂಬರ್‌ಗೆ ಮುಗಿಯುವುದು 15 ವರ್ಷದಿಂದ ಗೊತ್ತಿದ್ದ ತಾರೀಕು. ಆದರೂ ಹೊಸ ಟೆಂಡರ್ ಕರೆದಾಗ ನವೆಂಬರ್‌ನಲ್ಲಿ ಒಂದೂ ಬಿಡ್ ಬರಲಿಲ್ಲ, ಸೀಸನ್ ತಿಂಗಳುಗಟ್ಟಲೆ ತಡವಾಯಿತು, ಆಟಗಾರರು ಖಾಲಿ ಕೂತರು.

ಕೋರ್ಟು ಸರಿಮಾಡುತ್ತದೆ ಎನ್ನುವವರಿಗೂ ಒಂದು ಮಾತು. ಎಐಎಫ್‌ಎಫ್ ಪದಾಧಿಕಾರಿಗಳ ಅವಧಿ ಮುಗಿದರೂ ಚುನಾವಣೆ ಆಗದ ಕಾರಣ 2022ರ ಮೇನಲ್ಲಿ ಸುಪ್ರೀಂ ಕೋರ್ಟ್ ಆಡಳಿತ ಸಮಿತಿ ನೇಮಿಸಿತು. ಹೊರಗಿನವರ ಹಸ್ತಕ್ಷೇಪ ಎಂದು ಆಗಸ್ಟ್ ಮಧ್ಯದಲ್ಲಿ ಫಿಫಾ ನಿಷೇಧ ಹೇರಿತು, 26ಕ್ಕೆ ತೆಗೆಯಿತು. ಆ ಹತ್ತು ಹನ್ನೊಂದು ದಿನದ ಬೆಲೆ ತೆತ್ತವರು ಗೋಕುಲಂ ಕೇರಳದ ಹೆಣ್ಣುಮಕ್ಕಳು. ಏಷ್ಯಾದ ಕ್ಲಬ್ ಟೂರ್ನಿಗೆಂದು ತಾಷ್ಕೆಂಟ್ ತಲುಪಿದ್ದವರು ಒಂದೂ ಪಂದ್ಯ ಆಡದೆ ವಾಪಸಾದರು. ತಪ್ಪು ಮಾಡಿದವರು ಒಬ್ಬರು, ಶಿಕ್ಷೆ ಇನ್ನೊಬ್ಬರಿಗೆ.

2025ರ ಸೆಪ್ಟೆಂಬರ್‌ನಲ್ಲಿ ಕೋರ್ಟ್ ಒಪ್ಪಿದ ಹೊಸ ಸಂವಿಧಾನದಲ್ಲಿ ಒಳ್ಳೆಯ ಅಂಶಗಳಿವೆ. 14 ಜನರ ಕಾರ್ಯಕಾರಿ ಸಮಿತಿಯಲ್ಲಿ ಐವರು ಮಾಜಿ ಆಟಗಾರರು, ಅವರಲ್ಲಿ ಕನಿಷ್ಠ ಇಬ್ಬರು ಮಹಿಳೆಯರು. ಪದಾಧಿಕಾರಿಗಳಿಗೆ 70 ವರ್ಷದ ಮಿತಿ, ಒಟ್ಟು 12 ವರ್ಷದ ಮಿತಿ. ಇದು ಮೇಲೆ ಕೂರುವವರನ್ನು ಬದಲಿಸುತ್ತದೆ. ರಾಜ್ಯ ರಾಜ್ಯಗಳ ನಡುವೆ ಮತದ ತೂಕ ಮಾತ್ರ ಹಾಗೇ ಉಳಿದಿದೆ.

ನನ್ನ ಒತ್ತಾಯ ಇಷ್ಟೇ. ಲೀಗ್ ನಡೆಸಿದ ರಾಜ್ಯಕ್ಕೆ ಮತ ಇರಲಿ, ನಡೆಸದ ರಾಜ್ಯದ ಮತ ಮುಂದಿನ ಸೀಸನ್‌ವರೆಗೆ ಅಮಾನತಿನಲ್ಲಿರಲಿ. ಫಿಫಾ ಒಪ್ಪುತ್ತದೆಯೇ ಎಂದು ಕೇಳುವವರು ಫಿಫಾದ ನಿಯಮಾವಳಿಯನ್ನೇ ತೆರೆದು ನೋಡಲಿ: ಸತತ ನಾಲ್ಕು ವರ್ಷದಲ್ಲಿ ಕನಿಷ್ಠ ಎರಡು ಫಿಫಾ ಸ್ಪರ್ಧೆಗಳಲ್ಲಿ ಭಾಗವಹಿಸದ ದೇಶಕ್ಕೆ ಅದರ ಕಾಂಗ್ರೆಸ್‌ನಲ್ಲಿ ಮತವಿಲ್ಲ. ದೇಶಗಳಿಗೆ ಹಾಕಿದ ನಿಯಮವನ್ನು ನಾವು ರಾಜ್ಯಗಳಿಗೆ ಹಾಕಿದರೆ ಆಕ್ಷೇಪಕ್ಕೆ ಜಾಗವೆಲ್ಲಿ?

ಕನಿಷ್ಠ ಅಳತೆಯನ್ನೂ ಹೇಳುತ್ತೇನೆ. ಎಂಟು ತಂಡ, ಪ್ರತಿ ಎದುರಾಳಿಯ ಜೊತೆ ಎರಡು ಸಲ. ತಂಡಕ್ಕೆ 14 ಪಂದ್ಯ, ಒಟ್ಟು 56. ವಾರಾಂತ್ಯಕ್ಕೆ ನಾಲ್ಕು ಪಂದ್ಯದಂತೆ 14 ವಾರ. ಪಂದ್ಯಕ್ಕೆ ನಾಲ್ವರು ಅಧಿಕಾರಿಗಳೆಂದರೆ ರೆಫರಿ ನೇಮಕ 224 ಸಲ. ದೊಡ್ಡ ಬೆಟ್ಟವೇನಲ್ಲ. ಇದೇ ಅಳತೆಯಲ್ಲಿ ಮಹಿಳೆಯರದ್ದೊಂದು, 13, 15, 17 ವಯೋಮಾನದವರದ್ದು ಒಂದೊಂದು ಲೀಗ್. ಎಲ್ಲ ಆಟಗಾರರೂ ಸಿಆರ್‌ಎಸ್‌ನಲ್ಲಿರಬೇಕು, ಪಂದ್ಯದ ವರದಿ ಎರಡು ದಿನದಲ್ಲಿ ಸಾರ್ವಜನಿಕವಾಗಬೇಕು. ಮೊದಲು ಕೆಡುವುದು ಕೊನೆಯದ್ದೇ. ವರದಿ ಇಲ್ಲದ ಲೀಗ್ ಕಾಗದದ ಮೇಲೆ ಮಾತ್ರ ನಡೆದಿರಲೂಬಹುದು.

ಇದೇ ಕಣ್ಣಿನಿಂದ ಕರ್ನಾಟಕವನ್ನೂ ನೋಡಬೇಕು. 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ 54 ವರ್ಷದ ಮೇಲೆ ಸಂತೋಷ್ ಟ್ರೋಫಿ ತಂದೆವು, ಎದೆಯುಬ್ಬಿತು. ಆದರೆ ಬೆಂಗಳೂರಿನ ಸೂಪರ್ ಡಿವಿಷನ್ ಒಂದನ್ನೇ ಇಡೀ ರಾಜ್ಯದ ಲೀಗ್ ಎಂದು ಲೆಕ್ಕ ಹಿಡಿಯಬಾರದು. ನಿಮ್ಮ ಜಿಲ್ಲೆಯ ಸಂಸ್ಥೆಗೆ ಹೋಗಿ ಈ ಸೀಸನ್‌ನ ಪಂದ್ಯಗಳ ವೇಳಾಪಟ್ಟಿ ಕೇಳಿ. ಹೋದ ವರ್ಷ ಪ್ರತಿ ತಂಡ ಎಷ್ಟು ಪಂದ್ಯ ಆಡಿತು, ಎಷ್ಟು ರೆಫರಿಗಳಿದ್ದಾರೆ ಎಂದೂ ಕೇಳಿ. ಮಗನೋ ಮಗಳೋ ಅಕಾಡೆಮಿಗೆ ಹೋಗುತ್ತಿದ್ದರೆ ಜೆರ್ಸಿ ಬಣ್ಣ ಕೇಳುವ ಮೊದಲು ಸಿಆರ್‌ಎಸ್ ನಂಬರ್ ಕೇಳಿ, ಅದರಲ್ಲಿ ಹುಟ್ಟಿದ ದಿನಾಂಕ ಸರಿಯಿದೆಯೇ, ಕ್ಲಬ್ಬಿನ ಹೆಸರು ಇದೆಯೇ ಎಂದು ನೀವೇ ಕಣ್ಣಾರೆ ನೋಡಿ.